ಕ್ಯಾಲೆಂಡರಿನ ಹಿಂದಿನ ಗುಂಡಿ

ಇವಳೇ,

ಮನೆ ಸಾಲವನ್ನು ಬಡ್ಡಿ ಕಡಿಮೆಯಿರುವ ಬ್ಯಾಂಕಿಗೆ ಬದಲಾಯಿಸಿ ಅಂತ ಬಡಕೊಳ್ಳುತ್ತಿದ್ದೆಯಲ್ಲ, ಇವತ್ತು ಹೋಗಿದ್ದೆ. ಕಾಲೇಜಿನ ಇಂಗ್ಲಿಷು ಕೈಕೊಟ್ಟು ‘ರೀಫೈನಾನ್ಸ್’ ಅನ್ನುವ ಬದಲು ‘ರಿಫೈನ್ಡ್’ ಅಂದೆ. “ಎಣ್ಣೆ ಅಂಗಡಿ ಪಕ್ಕದ್ದು, ಯಜಮಾನ್ರೇ,” ಅಂದ ಆಫೀಸರ್. ನಾನೂ ನಕ್ಕೆ.

ಆಮೇಲೆ ಕಾಗದ ನೋಡಿ ಹೇಳಿದ: “ನಿಮ್ಮೊಬ್ಬರ ಪೆನ್ಷನ್‌ಗೆ ಆಗಲ್ಲ. ಮನೆಯವರು ಬದುಕಿದ್ದಾಗ, ಅವರ ಸಂಬಳಾನೂ ಸೇರಿಸಿ ಬಂದಿದ್ರೆ ಆಗ್ತಿತ್ತು. ಆಗ ಯಾರೂ ಹೇಳ್ಲಿಲ್ವಾ?”

ಕಾಲರ್ ಹಿಡಿದೆಳೆದು ಅವನ ಮುಖವನ್ನು ಮೇಜಿಗೆ ಅಪ್ಪಳಿಸಿದೆ. ಮೂಗಿನ ರಕ್ತ ನನ್ನ ಅರ್ಜಿಯ ಮೇಲೆಲ್ಲ ಹರಿಯಿತು. ವಾಚ್‌ಮನ್ ಕೈ ತಿರುಚಿ ಹೊರಗೆ ದಬ್ಬಿದ.

ಅಡುಗೆಮನೆಯಲ್ಲಿ ನೀನು ಮರೆಗೆಂದು ತೂಗುಹಾಕಿದ್ದ ಕ್ಯಾಲೆಂಡರ್ ಈಗ ತೆಗೆದೆ. ಮೊದಲ ಸಲ ನೀನು ಈ ಸಾಲದ ಮಾತೆತ್ತಿದಾಗ ನಾನು ಬೀಸಿದ ಕುಟ್ಟಾಣಿ ಗೋಡೆಯಲ್ಲಿ ಮಾಡಿದ ಗುಂಡಿ ಹಾಗೇ ಇದೆ, ನಿನ್ನ ಹಣೆಯ ಎತ್ತರಕ್ಕೆ.

ಪೊಲೀಸರು ಬರುತ್ತಾರಂತೆ. ಮೊದಲು ಇದನ್ನೇ ತೋರಿಸುತ್ತೇನೆ.