ಐದನೆಯ ಪಟ್ಟಿ, ಆರನೆಯ ಪಟ್ಟಿ

ಮಾರ್ಚ್ ೪, ಸೋಮವಾರ
ಕೆಲಸದ ಮೇಜಿನಿಂದ

ಮುದ್ದಿನ ಗುಂಡಕ್ಕಾ,

ಆರು ವರ್ಷದ ಮೇಲೆ ಅಮ್ಮನ ಕಾಗದ ಬಂತಲ್ಲ, ಯಾರಾದರೂ ಹೋಗಿಬಿಟ್ಟರೇನೋ ಎಂದು ಹೆದರಬೇಡ. ಎಲ್ಲರೂ ನೆಟ್ಟಗಿದ್ದೇವೆ. ಹೆದರಿಕೆ ನನಗೆ, ಅದೂ ಗುರುವಾರದ್ದು.

ಆ ಖಗೋಳ, ನಕ್ಷತ್ರಗಳ ಚಿತ್ರದ ಗೋಳ, ವಾಪಸು ಬಂದಿದೆ. ಯಾವುದು ಎಂದು ಕೇಳಬೇಡ, ನೀನು ಕೊನೆಯದಾಗಿ ಕೈಯಿಟ್ಟದ್ದು ಅದೊಂದಕ್ಕೇ. ಇನ್ನೂರು ವರ್ಷದ ಹಿಂದೆ ಒಬ್ಬನೇ ಮಾಡಿದ ಜೋಡಿ. ಜೊತೆಯ ಭೂಗೋಳವೇನೋ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ ಮೆರೆಯುತ್ತಿದೆ. ಇದು ಮಾತ್ರ, ಸಿಂಹರಾಶಿಯ ಬೆನ್ನು ಮುರಿದಿದೆ ಎಂಬ ಅಪವಾದ ಹೊತ್ತು ಉಗ್ರಾಣದಲ್ಲಿ ಧೂಳು ತಿನ್ನುತ್ತಿತ್ತು. ಈಗ ಅಲ್ಲಿಗೆ ಹೊಸ ಮೇಲ್ವಿಚಾರಕಿ ಬಂದಿದ್ದಾಳೆ. ಬಿಚ್ಚಿ ಸರಿಮಾಡಿ, ಯಾಕೆ ಹೀಗಾಯ್ತು ಅಂತಾನೂ ಹೇಳಿ, ಗುರುವಾರ ನಾನೇ ಬರ್ತೀನಿ ಅಂದಳು.

ಗೋಳದ ಸುತ್ತ ಅಂಟಿಸುವ ಹನ್ನೆರಡು ಕಾಗದದ ಪಟ್ಟಿಗಳಲ್ಲಿ ಐದು, ಆರು ಅದಲುಬದಲಾಗಿವೆ ಎಂದು ಮ್ಯೂಸಿಯಂನವರು ಆಗ ಬರೆದಾಗ, ಅಂಟಿಸಿದ್ದು ಮಗಳು, ಅವಳಿಗೆ ನಿಗಾ ಸಾಲದು ಎಂದು ಉತ್ತರಿಸಿದ್ದು ನಾನು. ಅಲ್ಲಿನ ದುರಸ್ತಿ ವಿಭಾಗದಲ್ಲಿ ನಿನಗೆ ಇನ್ನೇನು ಆಗೇಹೋಯಿತು ಎನ್ನುವಂತಿದ್ದ ಕೆಲಸ ಆ ಒಂದು ಸಾಲಿಗೆ ತಪ್ಪಿತು. ಅಂಟಿನ ಬ್ರಷ್ ತೊಳೆದಿಟ್ಟು, ಚಪ್ಪಲಿ ಮೆಟ್ಟಿ ಹೋದವಳು ಈಗ ಔಷಧಿ ಬಾಟಲಿಗೆ ಚೀಟಿ ಹಚ್ಚುತ್ತೀಯಂತೆ. ಚಿಕ್ಕಮ್ಮ ಹೇಳಿದಳು. ಆ ಕೈಗೆ ಅಂಥ ಕೆಲಸವೇ!

ಇವತ್ತು ಬೆಳಿಗ್ಗೆ ಒದ್ದೆ ಸ್ಪಂಜು ಇಟ್ಟು ಎರಡು ಪಟ್ಟಿಗಳನ್ನೂ ಎಬ್ಬಿಸಿದೆ. ಹಿಂಬದಿಯ ಪೆನ್ಸಿಲ್ ನಂಬರು ಹಾಗೇ ಇತ್ತು. ನಂಬರು ಹಾಕುವುದು ಯಾವತ್ತೂ ನನ್ನ ಕೆಲಸ, ನಿನ್ನ ಕೈಗೆ ಪೆನ್ಸಿಲ್ ಕೊಟ್ಟವಳೇ ಅಲ್ಲ. ನೋಡುತ್ತಿದ್ದಂತೆ ಎಲ್ಲ ನೆನಪಾಯಿತು. ಆಗ ಇವೆರಡೂ ಹಳೇ ಅಂಟು ಬಿಡದೆ ಜೋಡಿಯಾಗಿ ಎದ್ದಿದ್ದವು. ಮಗುಚಿ ಹಾಕಿ, ಎಡದ್ದಕ್ಕೆ ಐದು, ಬಲದ್ದಕ್ಕೆ ಆರು ಎಂದು ಬರೆದು ಬಿಡಿಸಿದ್ದೆ. ಮಗುಚಿದಾಗ ಎಡದ್ದು ಬಲಕ್ಕೆ ಹೋಗಿರುತ್ತದೆ ಎನ್ನುವುದು ಇದರಲ್ಲೇ ಕೂದಲು ನರೆಸಿಕೊಂಡವಳಿಗೆ ಹೊಳೆಯಲಿಲ್ಲ. ನೀನು ನಂಬರಿನ ಪ್ರಕಾರ ಅಂಟಿಸಿದ್ದೀಯೆ, ಕೂದಲೆಳೆಯಷ್ಟೂ ಆಚೀಚೆಯಿಲ್ಲ.

ಆದರೂ ನಿನಗಾದರೂ ಕಾಣಲಿಲ್ಲವೆ? ಮಸಿ ಮಾಸಿ ಸಿಂಹ ಯಾವುದು, ಕಲೆ ಯಾವುದು ಎಂದು ತಿಳಿಯದ ಕಾಗದ, ಒಪ್ಪುತ್ತೇನೆ. ಆದರೆ ಒಂದು ಮಾತು ಹೇಳಿದ್ದರೆ ನಾನು ಬಂದು ನೋಡುತ್ತಿರಲಿಲ್ಲವೆ? ಬಾಯಿ ಬಿಡದೆ ಅಂಟಿಸಿಬಿಟ್ಟೆಯಲ್ಲ! ತಪ್ಪು ಇಬ್ಬರದೂ ಅಂದುಕೊಳ್ಳೋಣ.

ರಬ್ಬರು ಪಕ್ಕದಲ್ಲೇ ಇದೆ. ನಾಲ್ಕು ಸಲ ಉಜ್ಜಿದರೆ ನಂಬರು ಮಾಯ. ಬಾಗಿಲ ಮೇಲಿನ ಹಲಗೆಯಲ್ಲಿರುವುದು ನನ್ನ ಹೆಸರು ನೋಡು. ಬೆಳಗಿನಿಂದ ರಬ್ಬರನ್ನು ಎತ್ತುವುದು, ಇಡುವುದು, ಇದೇ ಆಗಿದೆ. ಆಮೇಲೆ ಗೋಳದ ಧ್ರುವದ ಹತ್ತಿರ ಭೂತಗನ್ನಡಿ ಹಿಡಿದೆ. ಇದನ್ನು ಮಾಡಿದ ಪುಣ್ಯಾತ್ಮ ತಪ್ಪಾಗಿ ಅಚ್ಚಾದ ಒಂದು ನಕ್ಷತ್ರದ ಮೇಲೆ ಸರಿಯಾದದ್ದನ್ನು ಕತ್ತರಿಸಿ ಅಂಟಿಸಿದ್ದಾನೆ. ತೇಪೆ ಎದ್ದು ಕಾಣುತ್ತದೆ. ಕಂಡರೆ ಕಾಣಲಿ ಎಂದು ಬಿಟ್ಟಿದ್ದಾನೆ. ನನಗೆ ನಾಚಿಕೆಯಾಯಿತು.

ಬುಧವಾರ ಬರುತ್ತೀಯಾ? ನನ್ನ ಬಲಗೈ ನಡುಗುತ್ತದೆ, ಇದನ್ನು ಯಾರಿಗೂ ಹೇಳಿಲ್ಲ. ಅಂಟು ಹಚ್ಚಿದ ಮೇಲೆ ಒದ್ದೆ ಕಾಗದ ಹಿಗ್ಗುತ್ತದೆ, ಕಾಯುವುದಿಲ್ಲ ಎಂದು ನಿನಗೇನು ಹೇಳಿಕೊಡಬೇಕೆ? ನಾನು ಮುಟ್ಟಿದರೆ ಹರಿದೇಹೋದೀತು. ಚಿಕ್ಕಮ್ಮನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ, ಹೂಂ ಉಹೂಂ ಏನಾದರೂ ಅವಳಿಗೇ ಹೇಳು.

ನಿನ್ನ ದಾರಿ ಕಾಯುತ್ತಿರುವ,
ಅಮ್ಮ

ಮರೆತದ್ದು: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಮರೆತದ್ದಲ್ಲ, ಬಚ್ಚಿಟ್ಟದ್ದು. ನೀನು ಬಾಯಿ ಬಿಡಲಿಲ್ಲ ಎಂದೆನಲ್ಲ, ಅದು ಸುಳ್ಳು. ನೀನು ಎರಡು ಸಲ ನನ್ನನ್ನು ಕರೆದೆ. ಅಮ್ಮಾ, ಇದು ಕೂಡ್ತಾ ಇಲ್ಲ, ಒಂದ್ಸಲ ಬಂದು ನೋಡು ಅಂದೆ. ನಕ್ಷತ್ರ ನೋಡ್ಬೇಡ, ನಂಬರ್ ನೋಡಿ ಅಂಟಿಸು ಅಂತ ಗದರಿದವಳು ನಾನು. ಮ್ಯೂಸಿಯಂಗೂ ಇದನ್ನೇ ಬರೆದು ಈಗಷ್ಟೇ ಅಂಚೆ ಡಬ್ಬಿಗೆ ಹಾಕಿ ಬಂದೆ. ನೀನು ಬಂದರೂ ಬಾರದಿದ್ದರೂ ಅದು ಹೋಯಿತು. ಎರಡು ಪಟ್ಟಿಗಳನ್ನೂ ಮಗುಚಿಯೇ ಇಟ್ಟಿದ್ದೇನೆ, ನಂಬರು ಮೇಲೆ ಕಾಣುವ ಹಾಗೆ.