ಕಿಟಕಿ ಮುಚ್ಚಿದ ಗೋಡೆ

ಮಾರ್ಚ್ ೧೪, ಶುಕ್ರವಾರ

ಪಕ್ಕದ ಮನೆಯವನ ಹೊಸ ಗೋಡೆ ಇವತ್ತು ನನ್ನ ಹೊಲಿಗೆ ಕೋಣೆಯ ಕಿಟಕಿಯನ್ನು ಪೂರ್ತಿ ಮುಚ್ಚಿತು. ಮಟಮಟ ಮಧ್ಯಾಹ್ನ ದೀಪ ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದೆ. ಅವನ ಜಾಗ, ಅವನ ಗೋಡೆ; ಕಾನೂನಿನಲ್ಲಿ ತಪ್ಪಿಲ್ಲವೆಂದು ವಕೀಲರೂ ಕೈಚೆಲ್ಲಿದರು. ಆದರೆ ಗಾರೆಯವನು ಮೆಲ್ಲಗೆ ಹೇಳಿದ: "ಇದಕ್ಕೆ ಸೂರೂ ಇಲ್ಲ, ಹಿಂದೆ ಕೋಣೆನೂ ಇಲ್ಲ ಅಕ್ಕ. ನಿಮ್ಮ ಕಿಟಕಿ ಮುಚ್ಚಿದ್ರೆ ಸಾಕು ಅಂದಿದಾರೆ."

ಸಂಜೆ ಪಕ್ಕದ ಮನೆಯವನೇ ಹಲ್ಲು ಕಿರಿಯುತ್ತಾ ಬಂದ. "ಕತ್ತಲಲ್ಲಿ ಹೊಲಿದು ಕಣ್ಣು ಯಾಕೆ ಹಾಳು ಮಾಡ್ಕೋತೀರಮ್ಮ? ಆ ಕೋಣೆ ನಂಗೆ ಮಾರಿಬಿಡಿ."

"ಇನ್ನೂ ಎತ್ತರ ಕಟ್ಟಿ, ಮಾರಲ್ಲ" ಎಂದೆ.

ಅವನು ಹೋದಮೇಲೆ ನಮ್ಮ ಯಜಮಾನರು, "ಒಳ್ಳೆ ಬೆಲೆನೇ ಕೊಡ್ತಿದ್ರು" ಎಂದು ಗೊಣಗಿದರು. ನನ್ನೆದುರು ಅವನು ಬೆಲೆಯ ಮಾತೇ ಎತ್ತಿರಲಿಲ್ಲ. ಇವರಿಗೆ ಯಾವಾಗ ಹೇಳಿದ? ಇಲ್ಲೇ ಪಕ್ಕದಲ್ಲಿ ಮಲಗಿದ್ದಾರೆ. ಗೊರಕೆ ಮಾತ್ರ ಇನ್ನೂ ಕೇಳುತ್ತಿಲ್ಲ...