ಗೆಳತಿಯ ಮಗುವಲ್ಲ

ಅಮ್ಮಾ,

ತಂಗಿಯ ಮದುವೆಗೆ ನನ್ನ ಮಗಳನ್ನು ಎತ್ತಿಕೊಂಡೇ ವಿಮಾನ ಹತ್ತುತ್ತೇನೆ. “ಮದುವೆಯಾಗದವಳ ಕೈಲಿ ಮಗು ಕಂಡ್ರೆ ಬೀಗರು ಏನಂದ್ಕೊಳ್ತಾರೆ? ಅವರೂ ಅದೇ ವಿಮಾನದಲ್ಲಿ ಬರ್ತಿದ್ದಾರೆ. ಗೆಳತಿ ಮಗು ಅಂತ ಹೇಳ್ಬಿಡು” ಎಂದು ನೀನು ಫೋನಿನಲ್ಲಿ ಹೇಳಿಕೊಟ್ಟೆ. ಆಗದ ಮಾತು. ವಿಮಾನ ಇಳಿಯುವಾಗ ಮಕ್ಕಳಿಗೆ ಕಿವಿ ನೋಯುತ್ತದೆ, ಹಾಲು ಕುಡಿಯುತ್ತಿದ್ದರೆ ತಡೆದುಕೊಳ್ಳುತ್ತವೆ. ಬೀಗರ ಎದುರೇ ಎದೆಗವಚಿ ಕುಡಿಸುತ್ತೇನೆ. ಗೆಳತಿಯ ಮಗುವಿಗೆ ಯಾರಮ್ಮಾ ಎದೆಹಾಲು ಕೊಡುತ್ತಾರೆ?

ನಾವು ಮಲಗಿದ ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಒರೆಸಿಡು. ನಿಲ್ದಾಣದಲ್ಲಿ ಬೀಗರ ಸಾಮಾನನ್ನು ಅಪ್ಪ ಹಿಡಿಯಲಿ, ನಿನ್ನ ಕೈ ಖಾಲಿಯಿರಲಿ. ನಿನ್ನ ಮೊಮ್ಮಗಳು ಯಾರು ಕೈ ಚಾಚಿದರೂ ಹೋಗಿಬಿಡುತ್ತಾಳೆ. ನೀನು ಚಾಚದಿದ್ದರೆ ಬೀಗಿತ್ತಿಯೇ ಎತ್ತಿಕೊಂಡಾರು.

ಇವಳ ಅಮ್ಮ,
ನಿನ್ನ ಹಿರಿಮಗಳು